ದರ್ಜಿಯ ಬೆನ್ನಿನಲ್ಲಿ ಆಕಾಶ

ಬೆಳಗಿನ ಐದು ಗಂಟೆ. ಮೂರನೇ ಮಹಡಿಯ ಮನೆಯೊಂದರಲ್ಲಿ ಅರವತ್ತೇಳು ವರ್ಷದ ನಿವೃತ್ತ ದರ್ಜಿಯೊಬ್ಬರು ಹೊಲಿಗೆ ಯಂತ್ರದ ಮುಂದೆ ಕೂತು ಕಾಲಾಡಿಸುತ್ತಿದ್ದಾರೆ. ಯಂತ್ರಕ್ಕೆ ದಾರ ಪೋಣಿಸಿಲ್ಲ. ಸೂಜಿಯನ್ನೂ ಕಳಚಿ ಡಬ್ಬಿಗೆ ಹಾಕಿದ್ದಾರೆ. ಬಟ್ಟೆಯಂತೂ ಇಲ್ಲವೇ ಇಲ್ಲ. ಆದರೂ ಯಂತ್ರ ಟಕ್, ಟಕ್, ಟಕ್ ಎಂದು ಒಂದೇ ಹದದಲ್ಲಿ ಓಡುತ್ತಿದೆ, ಅವರ ಮುಖದಲ್ಲಿ ಮದುಮಗನ ಕೋಟು ಹೊಲಿಯುವಷ್ಟು ಗಾಂಭೀರ್ಯವಿದೆ. ನಾನು ಬಂದಿರುವುದು ಛಾಯಾಗ್ರಾಹಕಿಯೊಬ್ಬರನ್ನು ನೋಡಲು. ಬಾಗಿಲಲ್ಲಿ ನಿಂತವನಿಗೆ ಮನೆ ತಪ್ಪಿದೆನೇನೋ ಎಂಬ ಅನುಮಾನ ಬರುತ್ತದೆ.

"ಬನ್ನಿ, ಕೂತ್ಕೊಳ್ಳಿ," ಎನ್ನುತ್ತಾರೆ ದರ್ಜಿ, ಕಾಲು ನಿಲ್ಲಿಸದೆ. "ಒಳಗಿದ್ದಾಳೆ. ಈಗ ಆ ಬಾಗಿಲು ತೆಗೆದ್ರೆ ನಿಮಗೂ ಉಳಿಗಾಲ ಇಲ್ಲ, ನನಗೂ ಇಲ್ಲ."

ಆ ಬಾಗಿಲಿಗೆ ಎರಡು ಪದರ ಕಪ್ಪು ಬಟ್ಟೆ ಹೊಡೆದಿದೆ. ಅದರ ಹಿಂದಿನಿಂದ "ಸಾಕು ರೀ!" ಎಂದು ಹೆಂಗಸಿನ ದನಿ ಕೇಳಿದ ಕೂಡಲೇ ಕಾಲು ನಿಲ್ಲುತ್ತದೆ. "ಇಪ್ಪತ್ತೆರಡು," ಎಂದು ನನ್ನ ಕಡೆ ತಿರುಗಿ ಹೇಳುತ್ತಾರೆ. ಅದನ್ನು ಹೇಳುವಾಗಿನ ತೃಪ್ತಿ ನೋಡಬೇಕು, ಏನೋ ದೊಡ್ಡ ಊರು ಗೆದ್ದು ಬಂದವರ ಹಾಗೆ.

ಬಾಗಿಲು ತೆರೆಯುತ್ತದೆ. ಮೋಟುದ್ದದ, ನರೆತ ಕೂದಲನ್ನು ಪೆನ್ಸಿಲ್ ಚುಚ್ಚಿ ಕಟ್ಟಿಕೊಂಡ ಹೆಂಗಸು ಕೈ ಒರೆಸಿಕೊಳ್ಳುತ್ತಾ ಹೊರಬರುತ್ತಾರೆ. ಅರವತ್ತೊಂದು ವರ್ಷ. ಉಗುರುಗಳ ತುದಿ ಕಂದು. "ಬೇಗ ಬನ್ನಿ, ಬೇಗ. ಆರೂ ಹತ್ತರ ತನಕ ಮಾತ್ರ ನನ್ನ ರಾಜ್ಯ," ಎಂದು ನನ್ನನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕುತ್ತಾರೆ.

ಆರೂ ಹತ್ತಕ್ಕೆ ಕೆಳಗಿನ ರಸ್ತೆಯಲ್ಲಿ ಮೊದಲ ಬಸ್ಸು ಹೋಗುತ್ತದೆ. ಹೋದಾಗ ಇಡೀ ಕಟ್ಟಡ ಮೈ ನಡುಗಿಸುತ್ತದೆ, ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಕಿ ಸದ್ದು ಮಾಡುತ್ತವೆ. "ಮನೆ ನಡುಗಿದ್ರೆ ಎನ್‌ಲಾರ್ಜರ್ ನಡುಗುತ್ತೆ. ಅದು ನಡುಗಿದ್ರೆ ಮೋಡಕ್ಕೆ ಎರಡೆರಡು ಅಂಚು ಬರುತ್ತೆ. ಬಸ್ಸಿನವರಿಗೆ ಹೇಳೋಕಾಗುತ್ತಾ? ಅದಕ್ಕೇ ನಾನೇ ಬೇಗ ಏಳ್ತೀನಿ. ನಲವತ್ತು ವರ್ಷ ಆಯ್ತು."

ಒಂದು ಕಾಲದಲ್ಲಿ ಸ್ನಾನದ ಮನೆಯಾಗಿದ್ದ ಕೋಣೆ ಇದು. ಕೆಂಪು ದೀಪ. ಗೋಡೆಗೆ ಒತ್ತಿಕೊಂಡು ಸಾಲಾಗಿ ನಿಂತ ಮೂರು ಎನ್‌ಲಾರ್ಜರ್‌ಗಳು: ನೆಗೆಟಿವ್ ಮೂಲಕ ಬೆಳಕು ಬಿಟ್ಟು ಕೆಳಗಿನ ಕಾಗದದ ಮೇಲೆ ಚಿತ್ರವನ್ನು ದೊಡ್ಡದು ಮಾಡಿ ಬೀಳಿಸುವ, ತಲೆ ತಗ್ಗಿಸಿದ ಕಬ್ಬಿಣದ ಯಂತ್ರಗಳು. ಎದುರು ಮೂರು ತಟ್ಟೆಗಳಲ್ಲಿ ದ್ರಾವಣ. ಎಲ್ಲರಿಗೂ ಒಂದು ಚಿತ್ರಕ್ಕೆ ಒಂದು ನೆಗೆಟಿವ್ ಸಾಕು, ಇವರಿಗೆ ಎರಡು, ಮೂರು, ಕೆಲವೊಮ್ಮೆ ಐದು ಬೇಕು. ಒಂದೇ ಹಾಳೆಯನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುತ್ತಾ, ಬೇಡದ ಕಡೆ ಕಪ್ಪು ರಟ್ಟು ಅಡ್ಡ ಹಿಡಿದು, ಬೇಕಾದ ಕಡೆ ಮಾತ್ರ ಬೆಳಕು ಬೀಳಿಸುತ್ತಾರೆ. ರಟ್ಟನ್ನು ಸುಮ್ಮನೆ ಹಿಡಿದರೆ ಕತ್ತರಿಸಿ ಅಂಟಿಸಿದ ಹಾಗೆ ಗೆರೆ ಕಾಣುತ್ತದೆ. ಅದಕ್ಕೇ ಅದನ್ನು ಸಣ್ಣಗೆ, ಬಿಡುವಿಲ್ಲದೆ, ಹದವಾಗಿ ಅಲ್ಲಾಡಿಸುತ್ತಿರಬೇಕು. ಕೈ ಒಂದು ಕ್ಷಣ ಮರೆತರೂ ಹಾಳೆ ಕಸದ ಬುಟ್ಟಿಗೆ.

ಇಷ್ಟೆಲ್ಲ ಆಗಿ ತಟ್ಟೆಯಿಂದ ಮೇಲೆದ್ದು ಬರುವುದೇನು? ಕೆಟಲಿನ ಮೂತಿಯಿಂದ ಸುರಿಯುವ ಮೆಟ್ಟಿಲುಗಳು. ಹಾಸಿಗೆಯ ಮೇಲೆ ಹೊದಿಕೆಯ ಬದಲು ಹರಡಿಕೊಂಡ ಸಮುದ್ರ. ಕಿಟಕಿಗಳ ಜಾಗದಲ್ಲಿ ಕಿವಿಗಳಿರುವ ಬೀದಿ. ಕಲೆಯ ಪಂಡಿತರು ಇದನ್ನು ಅತಿವಾಸ್ತವವಾದ ಅನ್ನುತ್ತಾರೆ. ಇವರು "ಸೇರಿಸೋ ಕೆಲಸ" ಅನ್ನುತ್ತಾರೆ. ನನಗೆ ಇವರ ಹೆಸರೇ ಮೇಲು ಅನ್ನಿಸಿತು.

ಬೆಳಗ್ಗೆ ಒಂಬತ್ತಕ್ಕೆ ಇದೇ ಹೆಂಗಸು ಎರಡು ಬೀದಿ ದಾಟಿ, ಷಟರ್ ಎತ್ತಿ, ತಮ್ಮ ಪುಟ್ಟ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಯುತ್ತಾರೆ. ಸುತ್ತಮುತ್ತಲವರಿಗೆಲ್ಲ ಇವರು ಸ್ಟುಡಿಯೋ ಅಮ್ಮ. ದಿನಕ್ಕೆ ಇಪ್ಪತ್ತೈದರ ಲೆಕ್ಕ ಹಿಡಿದರೂ ಇಷ್ಟು ವರ್ಷಗಳಲ್ಲಿ ಮೂರು ಲಕ್ಷ ಮುಖ ದಾಟುತ್ತದೆ. ಅದರಲ್ಲಿ ನನ್ನದೂ ಒಂದು. ಹನ್ನೊಂದು ವರ್ಷದ ಹಿಂದೆ "ಗಲ್ಲ ಕೆಳಗೆ, ಉಸಿರು ಬಿಡಿ, ಸಾಲಗಾರನ್ನ ನೋಡಿದ ಹಾಗೆ ನೋಡ್ಬೇಡಿ" ಎಂದು ಬೈಸಿಕೊಂಡೇ ಫೋಟೋ ತೆಗೆಸಿಕೊಂಡಿದ್ದೆ. ಆಗ ಈ ಕೈಗಳು ಬೆಳಗ್ಗೆ ಏನು ಮಾಡಿ ಬಂದಿವೆ ಎಂದು ನನಗೆಲ್ಲಿ ಗೊತ್ತು? ಪತ್ರಕರ್ತನ ಕಣ್ಣು ಅಂತ ಜಂಬ ಪಡುತ್ತೇನೆ, ಮೂಗಿನ ಕೆಳಗಿದ್ದದ್ದು ಕಾಣಲಿಲ್ಲ.

"ಮೂರು ಲಕ್ಷ ಜನರಲ್ಲಿ ಒಬ್ಬರಾದ್ರೂ 'ಚೆನ್ನಾಗಿ ಬಂದಿದೆ' ಅಂದಿಲ್ಲ," ಎಂದು ನಗುತ್ತಾರೆ ಅವರು. "ಎಲ್ಲರದ್ದೂ ಒಂದೇ ಮಾತು. ನಾನು ಹೀಗಿಲ್ಲ, ನಾನು ಹೀಗಿಲ್ಲ. ಹೌದಪ್ಪ, ನೀನು ಹೀಗಿಲ್ಲ, ಅದು ನನಗೂ ಗೊತ್ತು. ನೀನು ಹೇಗಿದ್ದೀಯ ಅಂತ ಬೆಳಗ್ಗೆ ಮಾಡ್ತೀನಿ ಅಂತ ಮನಸ್ಸಲ್ಲೇ ಅಂದ್ಕೋತೀನಿ."

ಈ ಕಸುಬಿಗೆ ಬಂದಾಗ ಅವರಿಗೆ ಹದಿನೆಂಟು. ಮನೆಯಲ್ಲಿ ಓದು ಮುಂದುವರಿಸುವ ಅನುಕೂಲ ಇರಲಿಲ್ಲ. ಕೈ ನೆಟ್ಟಗಿದೆ ಎಂಬ ಒಂದೇ ಅರ್ಹತೆಯ ಮೇಲೆ ಸ್ಟುಡಿಯೋದ ಯಜಮಾನರು ನೆಗೆಟಿವ್ ತಿದ್ದುವ ಕೆಲಸಕ್ಕೆ ಇಟ್ಟುಕೊಂಡರು. ಮೊನೆಯಾದ ಪೆನ್ಸಿಲ್ ಹಿಡಿದು ಮೊಡವೆ ಅಳಿಸುವುದು, ಮುಚ್ಚಿದ ಕಣ್ಣು ತೆರೆಸುವುದು, ಬೊಕ್ಕ ತಲೆಗೆ ನಾಲ್ಕು ಕೂದಲು ಬೆಳೆಸುವುದು. "ದೇವರ ತಪ್ಪು ತಿದ್ದೋ ಕೆಲಸ ಅಂತ ಯಜಮಾನರು ಹೇಳೋರು. ಮೊದಲ ತಿಂಗಳು ನಾನು ದೇವರಿಗಿಂತ ದೊಡ್ಡ ತಪ್ಪು ಮಾಡ್ತಿದ್ದೆ. ಒಬ್ಬರಿಗೆ ಎರಡೂ ಹುಬ್ಬು ಸೇರಿಸಿಬಿಟ್ಟಿದ್ದೆ."

ಇವರ ಬದುಕನ್ನು ತಿರುಗಿಸಿದ್ದು ಮೂರನೇ ವರ್ಷದ ಒಂದು ಎಡವಟ್ಟು. ಒಣಗಲು ನೇತು ಹಾಕಿದ್ದ ಎರಡು ಒದ್ದೆ ನೆಗೆಟಿವ್‌ಗಳು ಗಾಳಿಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದರಲ್ಲಿ ವಿಮಾ ಕಚೇರಿಯ ಗುಮಾಸ್ತರ ಮುಖ, ಇನ್ನೊಂದರಲ್ಲಿ ಯಾರೋ ಕಟ್ಟಡದವರಿಗೆ ತೆಗೆದುಕೊಟ್ಟ ಮೆಟ್ಟಿಲಿನ ಚಿತ್ರ. ಅವಸರದಲ್ಲಿ ನೋಡದೆ ಎರಡನ್ನೂ ಸೇರಿಸಿಯೇ ಮುದ್ರಿಸಿದರು, ಒಣಗಿಸಿದರು, ಲಕೋಟೆಗೂ ಹಾಕಿದರು. ಗುಮಾಸ್ತರು ಲಕೋಟೆ ತೆರೆದಾಗ ಅವರ ಹಣೆಯಿಂದ ಮೆಟ್ಟಿಲು ಏರುತ್ತಾ ಏರುತ್ತಾ ಕೂದಲೊಳಗೆ ಮಾಯವಾಗುತ್ತಿತ್ತು.

"ಯಜಮಾನರು ನನ್ನ ಮೇಲೆ ಹಾರಾಡಿದ್ರು ನೋಡಿ, ಅಬ್ಬಬ್ಬಾ! ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತಿತ್ತು. ಆ ಗುಮಾಸ್ತರು ಮಾತ್ರ ಅದನ್ನೇ ನೋಡ್ತಾ ನಿಂತಿದ್ರು. ಆಮೇಲೆ ಮೆಲ್ಲಗೆ, 'ಇದು ಹೇಗೆ ಗೊತ್ತಾಯ್ತಮ್ಮ ನಿನಗೆ? ದಿನಾ ನನಗೆ ತಲೆಯೊಳಗೆ ಹೀಗೇ ಆಗೋದು. ಇದರದ್ದೇ ಎರಡು ಪ್ರತಿ ಕೊಡು' ಅಂದ್ರು."

ಯಜಮಾನರು ತಲೆ ತಲೆ ಚಚ್ಚಿಕೊಂಡು ಎರಡು ಪ್ರತಿ ಕೊಡಿಸಿದರು. ಅಂದಿನಿಂದ ಇವರನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟು "ಏ ಕಿತಾಪತಿ" ಎಂದೇ ಕರೆದರು. ಆದರೆ ಸಂಜೆ ಅಂಗಡಿ ಮುಚ್ಚುವಾಗ ಹಾಳಾದ ನೆಗೆಟಿವ್‌ಗಳ ಡಬ್ಬಿಯನ್ನು ಇವರ ಮೇಜಿನ ಮೇಲೆ ಇಟ್ಟು ಹೋಗತೊಡಗಿದರು. ವಯಸ್ಸಾಗಿ ಸ್ಟುಡಿಯೋವನ್ನು ಇವರ ಕೈಗೆ ಒಪ್ಪಿಸಿದ ದಿನ ತಮ್ಮ ಹಳೆಯ ಎನ್‌ಲಾರ್ಜರ್ ಅನ್ನು ಮನೆಗೆ ಕಳಿಸಿ, "ಕಿತಾಪತಿ ಮಾಡೋದಾದ್ರೆ ನೆಟ್ಟಗೆ ಮಾಡು" ಎಂದರಂತೆ. ಸಾಲಿನಲ್ಲಿ ಮೊದಲು ನಿಂತಿರುವುದು ಅದೇ. ಉಳಿದೆರಡು ಮುಚ್ಚಿಹೋದ ಬೇರೆ ಸ್ಟುಡಿಯೋಗಳಿಂದ ಬಂದವು.

ಹೊಲಿಗೆ ಯಂತ್ರದ ಕಥೆ ಮದುವೆಯಾದ ಎರಡನೇ ವರ್ಷದ್ದು. ಬೆಳಕಿನ ಹೊತ್ತು ಎಣಿಸುವ ಗಡಿಯಾರ ಕೆಟ್ಟು ಕೂತಿತ್ತು. ಪಕ್ಕದ ಕೋಣೆಯಲ್ಲಿ ಗಂಡ ಬೆಳಗ್ಗೆ ಬೇಗನೆದ್ದು ಬಟ್ಟೆ ಹೊಲಿಯುತ್ತಿದ್ದರು. ಅವರ ಕಾಲಿನ ಹದ ಎಂದರೆ ಹದ, ಒಂದು ತುಳಿತಕ್ಕೂ ಇನ್ನೊಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತಿರಲಿಲ್ಲ. ಇವರು ಅದನ್ನೇ ಎಣಿಸತೊಡಗಿದರು. ಗಡಿಯಾರ ರಿಪೇರಿಯಾಗಿ ಬಂತು, ಅದನ್ನು ಯಾರೂ ಗೋಡೆಗೆ ಹಾಕಲಿಲ್ಲ.

"ಗಡಿಯಾರ ಹೊತ್ತು ಎಷ್ಟಾಯ್ತು ಅಂತ ನನ್ನ ತಲೆಗೆ ಹೇಳುತ್ತೆ. ಇವರ ಯಂತ್ರ ನನ್ನ ಕೈಗೆ ಹೇಳುತ್ತೆ. ರಟ್ಟು ತಾನಾಗೇ ಅಲ್ಲಾಡುತ್ತೆ," ಎನ್ನುತ್ತಾರೆ ಅವರು. ಗಂಡ ಕೆಲಸ ಬಿಟ್ಟು ಏಳು ವರ್ಷವಾಯಿತು. ಕಣ್ಣು ಮಂಜಾಗಿದೆ, ಸೂಜಿಗೆ ದಾರ ಹೋಗುವುದಿಲ್ಲ. ಯಂತ್ರವನ್ನು ಕೊಟ್ಟುಬಿಡೋಣ ಎಂದು ಅವರೇ ಒಮ್ಮೆ ಹೇಳಿದ್ದುಂಟು. "ಅಂದಿದ್ದಕ್ಕೆ ಎರಡು ದಿನ ಮಾತು ಬಿಟ್ಟಳು," ಎಂದು ದರ್ಜಿ ನನ್ನ ಕಿವಿಯಲ್ಲಿ ಹೇಳುತ್ತಾರೆ. "ಆಮೇಲೆ ಅರ್ಥ ಆಯ್ತು. ನಾನು ರಿಟೈರ್ ಆಗಿರೋದು ಬಟ್ಟೆಯಿಂದ ಮಾತ್ರ."

ಹೀಗೆ ನಲವತ್ತು ವರ್ಷಗಳಲ್ಲಿ ಮುಗಿದ ಚಿತ್ರಗಳು ಮುನ್ನೂರ ಹನ್ನೆರಡು. ಅಂಗಿ ಬರುವ ಚಪ್ಪಟೆ ರಟ್ಟಿನ ಪೆಟ್ಟಿಗೆಗಳು ಇಪ್ಪತ್ತಾರು, ಒಂದೊಂದರಲ್ಲಿ ಹನ್ನೆರಡು. ಒಂದು ಚಿತ್ರ ಸರಿಯಾಗಿ ಕೂರಲು ಸರಾಸರಿ ಒಂಬತ್ತು ಹಾಳೆ ಹಾಳಾಗುತ್ತದೆ. ಇಪ್ಪತ್ತಾರೂ ಪೆಟ್ಟಿಗೆ ಮಂಚದ ಕೆಳಗೆ. ಯಾರಾದರೂ ಅಪ್ಪಿತಪ್ಪಿ ನೋಡಿ "ಇದೇನಿದು?" ಎಂದು ಕೇಳಿದರೆ ಇವರದು ಒಂದೇ ಉತ್ತರ: "ಏನಿಲ್ಲ, ಸುಮ್ಮನೆ. ಹಾಳಾದ ಹಾಳೆ." ನಾವು ಎಲೆಮರೆಯ ಕಾಯಿ ಎನ್ನುತ್ತೇವಲ್ಲ, ಇವರು ತಾವೇ ಎಲೆಗಳನ್ನು ಎಳೆದೆಳೆದು ಮುಚ್ಚಿಕೊಂಡಿದ್ದ ಕಾಯಿ.

ಮುಚ್ಚಿಕೊಳ್ಳಲು ಕಾರಣವೂ ಇತ್ತು. ಒಮ್ಮೆ ನಾದಿನಿ ಪೆಟ್ಟಿಗೆಯೊಂದನ್ನು ತೆರೆದು ನೋಡಿ ಮೂಗು ಮುರಿದಿದ್ದರು. "ಇದೇನು ಅತ್ತಿಗೆ, ನೋಡಿದ್ರೆ ಭಯ ಆಗುತ್ತೆ. ಮನುಷ್ಯರನ್ನ ಮನುಷ್ಯರ ಥರ ತೆಗೆಯೋಕೆ ಬರಲ್ವಾ ನಿಮಗೆ?" ಇಡೀ ದಿನ ಮನುಷ್ಯರನ್ನು ಮನುಷ್ಯರ ಥರ ತೆಗೆಯುವ ಕೆಲಸ ಮಾಡಿ ಮನೆಗೆ ಬಂದವರಿಗೆ ಆ ಮಾತು ಹೇಗೆ ನಾಟಿರಬೇಡ! ಇವರು ನಕ್ಕು ಪೆಟ್ಟಿಗೆಯ ಮುಚ್ಚಳ ಹಾಕಿದರು. ಆಮೇಲೆ ಎಂಟು ವರ್ಷ ಯಾರಿಗೂ ತೆರೆದು ತೋರಿಸಲಿಲ್ಲ.

ಕಳೆದ ವರ್ಷ ಸ್ಟುಡಿಯೋಗೆ ಫೋಟೋ ತೆಗೆಸಿಕೊಳ್ಳಲು ಗಿರಾಕಿಯೊಬ್ಬರು ಬಂದರು. ಅವರು ಮೇಜಿನ ಮೇಲಿಟ್ಟ ಅರ್ಜಿಯನ್ನು ಇವರು ತಲೆಕೆಳಗಾಗಿಯೇ ಓದಿಕೊಂಡರು. ಕೈಯಿಂದ ಮುದ್ರಿಸಿದ ಕಪ್ಪು ಬಿಳುಪು ಚಿತ್ರಗಳ ದೊಡ್ಡ ಪ್ರದರ್ಶನ, ಯಾರು ಬೇಕಾದರೂ ಒಂದು ಚಿತ್ರ ಕಳಿಸಬಹುದು. ಗಿರಾಕಿ ಹೋದ ಮೇಲೆ ಇವರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಸಂಜೆ ಗಂಡನಿಗೆ ಹೇಳಿದರು. "ಕಳಿಸು, ಏನು ತಲೆ ಹೋಗುತ್ತಾ?" ಎಂದರು ಅವರು. "ನನ್ನದನ್ನೇ ಕಳಿಸು."

ಅವರದು ಅಂದರೆ ಅವರ ಬೆನ್ನು. ಹದಿನಾರು ವರ್ಷದ ಹಿಂದೆ ಮುದ್ರಿಸಿದ ಚಿತ್ರ. ದರ್ಜಿಯೊಬ್ಬ ನಮಗೆ ಬೆನ್ನು ಹಾಕಿ ಯಂತ್ರದ ಮೇಲೆ ಬಾಗಿದ್ದಾನೆ. ಅಂಗಿಯ ನಡುಹೊಲಿಗೆ ಕುತ್ತಿಗೆಯಿಂದ ಸೊಂಟದವರೆಗೆ ಬಿಚ್ಚಿಕೊಂಡಿದೆ. ಒಳಗೆ ಮೈಯಿಲ್ಲ, ಆಕಾಶವಿದೆ. ಒಂದು ಬಿಳಿಯ ಮೋಡ ಹೊಲಿಗೆಯ ಅಂಚಿಗೆ ತಗುಲಿಕೊಂಡು ನಿಂತಿದೆ. ನಾನು ಅದನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡು ನೋಡಿದೆ. ಆ ಬೆನ್ನಿನ ಒಡೆಯರು ಮಾತ್ರ, "ನನ್ನ ಬೆನ್ನೊಳಗೆ ಆಕಾಶ ಇದೆ ಅಂತ ನನಗೆ ಗೊತ್ತೇ ಇರ್ಲಿಲ್ಲ ಸರ್. ನನಗೆ ಬರೀ ನೋವಿತ್ತು," ಎನ್ನುತ್ತಾರೆ.

ಆರು ವಾರದ ನಂತರ ಪ್ರದರ್ಶನದವರಿಂದ ಕಾಗದ ಬಂತು. ತೀರ್ಪುಗಾರರ ಅಭಿಪ್ರಾಯದಲ್ಲಿ ಈ ಚಿತ್ರವನ್ನು ಕಂಪ್ಯೂಟರಿನಲ್ಲಿ ಜೋಡಿಸಲಾಗಿದೆ, ಹದಿನೈದು ದಿನದೊಳಗೆ ಮೂಲ ನೆಗೆಟಿವ್ ಕಳಿಸಬೇಕು, ಇಲ್ಲವಾದರೆ ನಿಯಮ ಮುರಿದ ಚಿತ್ರವೆಂದು ತೆಗೆದುಹಾಕಲಾಗುವುದು. ಕಾಗದವನ್ನು ಇವರು ಎರಡು ಸಲ ಓದಿದರು. ಮೂರನೇ ಸಲ ಗಂಡ ಓದಿದರು. ಮೂಲ ನೆಗೆಟಿವ್ ಎಂಬುದು ಇದ್ದರಲ್ಲವೇ ಕಳಿಸುವುದು? ಬೆನ್ನು ಒಂದರಲ್ಲಿದೆ, ಬಿಚ್ಚಿದ ಹೊಲಿಗೆ ಇನ್ನೊಂದರಲ್ಲಿದೆ, ಆಕಾಶ ಮೂರನೆಯದರಲ್ಲಿದೆ. ಆ ಮೂರೂ ಸೇರಿದ್ದು ಕಾಗದದ ಮೇಲೆ, ಕತ್ತಲಲ್ಲಿ, ಇವರ ಎರಡು ಕೈಗಳ ನಡುವೆ.

"ಕೆಟ್ಟದಾಗಿದೆ ಅಂದಿದ್ರೆ ಸುಮ್ಮನಿರ್ತಿದ್ದೆ," ಎನ್ನುವಾಗ ಇವತ್ತಿಗೂ ಅವರ ದನಿ ಗಡುಸಾಗುತ್ತದೆ. "ನಾದಿನಿ ಅಂದಾಗ ಸುಮ್ಮನಿರ್ಲಿಲ್ವಾ? ಇವರು ಸುಳ್ಳು ಅಂದುಬಿಟ್ರಲ್ಲ. ನಲವತ್ತು ವರ್ಷ ಬಸ್ಸಿಗಿಂತ ಮೊದಲು ಎದ್ದಿದ್ದೀನಿ. ಅದನ್ನೆಲ್ಲ ಸುಳ್ಳು ಅಂತ ಬರೆದು ಕಳಿಸಿದ್ರೆ ನಾನು ಹೂಂ ಅಂತ ಕೂತ್ಕೋಬೇಕಾ?"

ಅಂದೇ ಉತ್ತರ ಬರೆದರು. ಅದರ ನಕಲು ನೋಡಿದ್ದೇನೆ, ಐದೇ ಸಾಲು. ನೆಗೆಟಿವ್ ಒಂದಲ್ಲ, ಮೂರು. ಮೂರನ್ನೂ ತರುತ್ತೇನೆ. ಕತ್ತಲೆ ಕೋಣೆ ನಿಮ್ಮದೇ ಇರಲಿ, ದ್ರಾವಣವೂ ನಿಮ್ಮದೇ ಇರಲಿ. ನಿಮ್ಮ ಕಣ್ಣೆದುರೇ ಮಾಡಿ ತೋರಿಸುತ್ತೇನೆ. ಆಗದಿದ್ದರೆ ನೀವು ಬರೆದದ್ದೇ ನಿಜ ಎಂದು ನಾನೇ ಬರೆದುಕೊಡುತ್ತೇನೆ.

ಕಾಗದ ಅಂಚೆಗೆ ಹಾಕಿದ ಮೇಲೆಯೇ ಅವರಿಗೆ ಹಾಳೆಯ ನೆನಪಾದದ್ದು. ಆ ಚಿತ್ರ ಮುದ್ರಿಸಿದ್ದು ದಪ್ಪನೆಯ, ಹೊಳಪಿಲ್ಲದ ಹಳೆಯ ಫೋಟೋ ಕಾಗದದ ಮೇಲೆ. ಅದನ್ನು ತಯಾರಿಸುವುದು ನಿಂತು ಹೋಗಿ ಎಷ್ಟೋ ಕಾಲವಾಯಿತು. ಈಗ ಬರುವ ಕಾಗದದಲ್ಲಿ ಆ ಕಪ್ಪು ಬರುವುದಿಲ್ಲ. ಮನೆಯಲ್ಲಿ ಉಳಿದಿದ್ದದ್ದು ನಾಲ್ಕೇ ಹಾಳೆ. ಒಂಬತ್ತು ಹಾಳೆ ಹಾಳುಮಾಡಿ ಒಂದನ್ನು ಗಿಟ್ಟಿಸುವ ಕೆಲಸಕ್ಕೆ ನಾಲ್ಕು ಹಾಳೆ!

ಪ್ರದರ್ಶನದವರು ಒಪ್ಪಿ, ಹೇಳಿದ ದಿನ ಗಂಡ ಹೆಂಡತಿ ಅವರ ಕಲಾಶಾಲೆಗೆ ಹೋದರು. ಆ ದಿನದ್ದನ್ನು ನಾನು ಮೂವರ ಬಾಯಲ್ಲಿ ಕೇಳಿದ್ದೇನೆ: ಇವರ ಬಾಯಲ್ಲಿ, ಇವರ ಗಂಡನ ಬಾಯಲ್ಲಿ, ತೀರ್ಪುಗಾರರ ಅಧ್ಯಕ್ಷರ ಬಾಯಲ್ಲಿ. ಮೂವರ ಕಥೆಯೂ ತಾಳೆಯಾಗುತ್ತದೆ, ದರ್ಜಿಯವರ ಕಥೆಯಲ್ಲಿ ಮಾತ್ರ ಅವರ ಪಾತ್ರ ಸ್ವಲ್ಪ ದೊಡ್ಡದು.

ಕತ್ತಲೆ ಕೋಣೆಯಲ್ಲಿ ಅಧ್ಯಕ್ಷರು ಮತ್ತು ಇನ್ನಿಬ್ಬರು ತೀರ್ಪುಗಾರರು ಕೈಕಟ್ಟಿ ಗೋಡೆಗೆ ಒರಗಿ ನಿಂತಿದ್ದರು. ಗಂಡನಿಗೆ ಒಳಗೆ ಪ್ರವೇಶ ಇಲ್ಲ ಎಂದು ಹೊರಗಿನ ಪಡಸಾಲೆಯಲ್ಲಿ ಕೂರಿಸಿದ್ದರು. ಇವರು ಮೂರು ನೆಗೆಟಿವ್‌ಗಳನ್ನು ಮೂರು ಎನ್‌ಲಾರ್ಜರ್‌ಗಳಿಗೆ ಹಾಕಿ, ಗುರುತು ಮಾಡಿಕೊಂಡು, ಹಾಳೆ ತೆಗೆದರು. ಇಲ್ಲೊಂದು ವಿಷಯ ಹೇಳಬೇಕು. ಈ ಹಾಳೆಗೆ ಬೆಳಕು ಹಿಡಿಯುವ ಮದ್ದು ಹಚ್ಚಿದ ಮುಖ ಒಂದೇ. ಹೊಳಪಿಲ್ಲದ ಕಾಗದವಾದ್ದರಿಂದ ಕೆಂಪು ದೀಪದಲ್ಲಿ ಯಾವ ಮುಖ ಯಾವುದೆಂದು ಕಣ್ಣಿಗೆ ಹತ್ತುವುದಿಲ್ಲ. ಮನೆಯಲ್ಲಿ ಇವರು ಹಾಳೆಯ ಮೂಲೆಯನ್ನು ಕೆಳತುಟಿಗೆ ಮುಟ್ಟಿಸಿ ನೋಡುತ್ತಾರೆ. ಮದ್ದಿನ ಮುಖ ತುಟಿಗೆ ಸ್ವಲ್ಪ ಅಂಟುತ್ತದೆ. ಕಲಿಸಿದವರು ಯಜಮಾನರು.

"ಅಷ್ಟು ದೊಡ್ಡ ಜನರ ಎದುರು ಹಾಳೆಗೆ ಮುತ್ತು ಕೊಡೋದು ಹೇಗೆ ಅಂತ ನಾಚಿಕೆ ಆಯ್ತು," ಎನ್ನುತ್ತಾರೆ ಇವರು. "ಬೆರಳಲ್ಲೇ ಸವರಿ ನೋಡಿದೆ. ಬೆರಳು ಬೆವೆತಿತ್ತು. ಎರಡೂ ಕಡೆ ಅಂಟ್ತು."

ಕೋಣೆಯ ಗಡಿಯಾರ ಬೀಪ್ ಬೀಪ್ ಎನ್ನುತ್ತಿತ್ತು. ಇವರ ಕೈ ಆ ಬೀಪಿಗೆ ಎಡವಿ ಎಡವಿ ನಡೆಯಿತು. ಹಾಳೆಯನ್ನು ಚಿತ್ರ ಮೂಡಿಸುವ ಡೆವಲಪರ್ ತಟ್ಟೆಗೆ ಹಾಕಿದರು. ಒಂದು ನಿಮಿಷವಾದರೂ ಬೆಳ್ಳಗೇ ಇತ್ತು. ಮಗುಚಿ ನೋಡಿದರೆ ಹಿಂಬದಿಯಲ್ಲಿ ಹೊಗೆ ಮುಸುಕಿದ ಹಾಗೆ ಮಸುಕು ಬೆನ್ನು, ಅದೂ ಎಡಬಲ ಅದಲುಬದಲಾಗಿ. ಹಾಳೆಯನ್ನು ತಲೆಕೆಳಗಾಗಿ, ಮದ್ದಿನ ಮುಖ ಅಡಿಗೆ ಮಾಡಿ ಇಟ್ಟಿದ್ದರು. ಮೊದಲ ವಾರ ಕೆಲಸಕ್ಕೆ ಬಂದವರು ಮಾಡುವ ತಪ್ಪು. ತೀರ್ಪುಗಾರರಲ್ಲಿ ಒಬ್ಬರು ಗಂಟಲು ಸರಿಮಾಡಿಕೊಂಡರು, ಇನ್ನೊಬ್ಬರು ಕೈಗಡಿಯಾರ ನೋಡಿಕೊಂಡರು.

"ಆಗ ನನಗೆ ಯಜಮಾನರು 'ಏ ಕಿತಾಪತಿ' ಅಂದ ಹಾಗಾಯ್ತು. ನಾಚಿಕೆ ಎಲ್ಲಾ ಗಂಟುಮೂಟೆ ಕಟ್ಟಿ ಆಚೆ ಎಸೆದೆ. 'ಸರ್, ಆ ಬೀಪ್ ನಿಲ್ಲಿಸಿ' ಅಂದೆ. ಎರಡನೇ ಹಾಳೆ ತೆಗೆದು ಅವರ ಮುಂದೇನೇ ತುಟಿಗಿಟ್ಟೆ. ಅಂಟ್ತು. ಆಮೇಲೆ ಬಾಗಿಲ ಕಡೆ ತಿರುಗಿ ಜೋರಾಗಿ ಕೂಗಿದೆ, 'ರೀ, ಕಾಲಾಡಿಸ್ರೀ!'"

ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಎಲ್ಲಿಂದ ಬರಬೇಕು? ಮರದ ನೆಲ ಇತ್ತು, ದರ್ಜಿಯ ಕಾಲಲ್ಲಿ ಹಿಮ್ಮಡಿ ಗಟ್ಟಿಯಿದ್ದ ಬೂಟು ಇತ್ತು. "ನನಗೆ ಒಂದು ಕ್ಷಣ ಏನೂ ತೋಚಲಿಲ್ಲ," ಎನ್ನುತ್ತಾರೆ ಅವರು. "ಆಮೇಲೆ ಕಣ್ಣು ಮುಚ್ಚಿ, ಎದುರಿಗೆ ಯಂತ್ರ ಇದೆ ಅಂದ್ಕೊಂಡು ಶುರು ಮಾಡಿದೆ." ಟಕ್, ಟಕ್, ಟಕ್. ಒಳಗೆ ಮೂವರು ಗಣ್ಯರು ಮುಖ ಮುಖ ನೋಡಿಕೊಂಡರು. ಇವರ ಕೈ ಮಾತ್ರ ಮನೆಗೆ ಬಂದಿತ್ತು. ಬೆನ್ನಿಗೆ ಇಪ್ಪತ್ತೆರಡು. ಹಾಳೆ ಎರಡನೇ ಯಂತ್ರಕ್ಕೆ, ಹೊಲಿಗೆಗೆ ಒಂಬತ್ತು. ಮೂರನೆಯದಕ್ಕೆ, ಆಕಾಶಕ್ಕೆ ಹದಿನಾಲ್ಕು. "ಸಾಕು ರೀ!" ಹೊರಗೆ ಬೂಟು ನಿಂತಿತು.

ತಟ್ಟೆಯಲ್ಲಿ ಹಾಳೆ ತೇಲಿತು. ಮೊದಲು ಹೆಗಲಿನ ಕಪ್ಪು ಬಂತು, ಆಮೇಲೆ ಅಂಗಿಯ ನೆರಿಗೆ, ಆಮೇಲೆ ಒಂದೊಂದೇ ಹೊಲಿಗೆ ಬಿಚ್ಚಿಕೊಳ್ಳುತ್ತಾ ಬಂತು. ಎಲ್ಲಕ್ಕಿಂತ ಕೊನೆಗೆ ಮೆಲ್ಲಗೆ ಮೋಡ ಬಂತು. ಕೈಗಡಿಯಾರ ನೋಡಿಕೊಂಡಿದ್ದವರು "ಅಯ್ಯೋ!" ಎಂದು ಮಕ್ಕಳ ಹಾಗೆ ಕೂಗಿ ತಟ್ಟೆಯ ಮೇಲೆ ಬಗ್ಗಿದರಂತೆ, ಅವರ ಟೈ ದ್ರಾವಣದಲ್ಲಿ ಅದ್ದಿಹೋಯಿತಂತೆ.

ಅಧ್ಯಕ್ಷರು ಮಾತ್ರ ಪಟ್ಟು ಬಿಡುವವರಲ್ಲ. ಹಾಳೆ ಉಳಿದ ತಟ್ಟೆಗಳನ್ನೂ ದಾಟಿದ ಮೇಲೆ ದೀಪ ಹಾಕಿಸಿ, ಮೊದಲು ಕಳಿಸಿದ್ದ ಚಿತ್ರವನ್ನು ತರಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟರು. ಬೆರಳಿಟ್ಟು ಅಳೆದರು. ಹೊಸ ಚಿತ್ರದಲ್ಲಿ ಮೋಡ ಒಂದು ಹೆಬ್ಬೆರಳಿನಷ್ಟು ಎಡಕ್ಕೆ ಸರಿದಿತ್ತು. "ಇದು ಅದಲ್ಲವಲ್ಲಮ್ಮ. ಎರಡೂ ಒಂದೇ ಥರ ಇಲ್ಲ," ಎಂದರು.

"ಒಂದೇ ಥರ ಇದ್ದಿದ್ರೆ ನೀವು ಬರೆದಿದ್ದೇ ನಿಜ ಆಗ್ತಿತ್ತು ಸರ್," ಎಂದರು ಇವರು. "ಕೈಯಲ್ಲಿ ಮಾಡಿದ್ದು ಎರಡು ಸಲ ಒಂದೇ ಥರ ಬರಲ್ಲ."

"ಅಲ್ಲಿಗೆ ನಾನು ಸೋತೆ," ಎಂದು ಅಧ್ಯಕ್ಷರು ಫೋನಿನಲ್ಲಿ ನನ್ನ ಬಳಿ ಮುಕ್ತವಾಗಿ ಒಪ್ಪಿಕೊಂಡರು. "ಮೂವತ್ತು ವರ್ಷದಿಂದ ಪಾಠ ಹೇಳ್ತಿದ್ದೀನಿ. ಆ ಕೋಣೆಯಲ್ಲಿ ಆವತ್ತು ವಿದ್ಯಾರ್ಥಿ ನಾನು. ಕ್ಷಮೆ ಕೇಳಿದೆ. ಆ ತಾಯಿ, 'ಅದಿರ್ಲಿ ಸರ್, ನಮ್ಮನೆಯವರು ಆಗ್ಲಿಂದ ಹೊರಗೆ ಒಬ್ಬರೇ ಕೂತಿದ್ದಾರೆ, ಒಳಗೆ ಕರೀಲಾ?' ಅಂದ್ರು." ಇಂಥವರ ಕಥೆಗಳಲ್ಲಿ ದೊಡ್ಡವರು ಸೋಲೊಪ್ಪಿಕೊಳ್ಳುವುದು ಅಪರೂಪ, ಅವರಿಗೂ ಒಂದು ನಮಸ್ಕಾರ ಸಲ್ಲಬೇಕು.

ಮುಂದಿನದು ಪತ್ರಿಕೆಗಳಲ್ಲಿ ಎರಡು ಸಾಲಾಗಿ ಬಂದಿತ್ತು. ಮೊದಲ ಬಹುಮಾನ ಬೆನ್ನಿಗೆ ಬಂತು. ಅದಕ್ಕಿಂತ ದೊಡ್ಡದು, ಅಧ್ಯಕ್ಷರು ಖುದ್ದಾಗಿ ಮೂರು ಮಹಡಿ ಹತ್ತಿ ಬಂದು, ಮಂಚದ ಕೆಳಗಿನ ಇಪ್ಪತ್ತಾರು ಪೆಟ್ಟಿಗೆಗಳನ್ನು ನೆಲದ ಮೇಲೆ ಕೂತು ನೋಡಿ, ಅರವತ್ತು ಚಿತ್ರಗಳಿಗೆ ದೊಡ್ಡ ಸಭಾಂಗಣವನ್ನೇ ಬಿಟ್ಟುಕೊಟ್ಟದ್ದು. ಪೆಟ್ಟಿಗೆಗಳು ಹೊರಗೆ ಹೋಗುವ ದಿನ ಮಂಚದ ಕೆಳಗೆ ಗುಡಿಸುತ್ತಾ ದರ್ಜಿ, "ಇಷ್ಟು ಜಾಗ ಇತ್ತೇನೇ ನಮ್ಮನೇಲಿ!" ಎಂದು ಬೆರಗಾದರಂತೆ.

ಗೋಡೆಗೆ ಹಾಕಲು ಕಲಾವಿದೆಯ ಫೋಟೋ ಕೊಡಿ ಎಂದು ಕೇಳಿದಾಗ ಹೊಸ ಪೇಚು. ಮೂರು ಲಕ್ಷ ಮುಖ ತೆಗೆದವರ ಬಳಿ ತಮ್ಮದೊಂದು ನೆಟ್ಟಗಿನ ಫೋಟೋ ಇರಲಿಲ್ಲ. ಕೊನೆಗೆ ಗಂಡನೇ ತೆಗೆದರು. ನೆತ್ತಿ ಅರ್ಧ ಕತ್ತರಿಸಿ ಹೋಗಿದೆ. "ಬಟ್ಟೆ ಕತ್ತರಿಸಿ ರೂಢಿ ಸರ್," ಎಂದು ಅವರ ಸಮಜಾಯಿಷಿ. ಅದೇ ಫೋಟೋ ಸಭಾಂಗಣದ ಬಾಗಿಲಲ್ಲಿ ರಾರಾಜಿಸುತ್ತಿತ್ತು. ಬೆನ್ನಿನ ಚಿತ್ರದ ಕೆಳಗಿನ ಚೀಟಿಯಲ್ಲಿ ಇವರು ಹಟ ಹಿಡಿದು ಒಂದು ಸಾಲು ಸೇರಿಸಿದ್ದರು: 'ಎಣಿಕೆ: ನಮ್ಮ ಮನೆಯವರು'. ನಾದಿನಿಯೂ ಬಂದಿದ್ದರು. ಬೆಟ್ಟದ ಜಾಗದಲ್ಲಿ ಮೂಗೊಂದು ಎದ್ದು ನಿಂತ ಚಿತ್ರದ ಮುಂದೆ ನಿಂತು, ಹತ್ತಿರ ಹೋಗಿ, ದೂರ ಬಂದು, "ಅತ್ತಿಗೆ, ಇದು ನನ್ನ ಮೂಗಲ್ವಾ?" ಎಂದರು. ಆಮೇಲೆ ಬಂದವರನ್ನೆಲ್ಲ ಕರೆಕರೆದು ಅದನ್ನೇ ತೋರಿಸಿದರು.

ತಟ್ಟೆಯಲ್ಲಿ ಮಸುಕಾಗಿ ಮೂಡಿದ್ದ ಆ ತಲೆಕೆಳಗಿನ ಹಾಳೆಯನ್ನು ಅಧ್ಯಕ್ಷರು ತಮ್ಮ ಕಲಾಶಾಲೆಗೆಂದು ಕೇಳಿದರು, ಇವರು ಕೊಡಲಿಲ್ಲ. ಅದು ಈಗ ಸ್ಟುಡಿಯೋದಲ್ಲಿ, ಗಿರಾಕಿಗಳು ತಲೆ ಬಾಚಿಕೊಳ್ಳುವ ಕನ್ನಡಿಯ ಪಕ್ಕದಲ್ಲಿದೆ. "ಇನ್ನೂ ಕಲಿಯೋದಿದೆ ಅಂತ ದಿನಾ ಬೈಯೋಕೆ ಒಬ್ಬರು ಬೇಕಲ್ಲ. ಯಜಮಾನರಂತೂ ಈಗಿಲ್ಲ." ಹಳೆಯ ಕಾಗದದ ಎರಡು ಹಾಳೆ ಇನ್ನೂ ಉಳಿದಿವೆ. ಅವುಗಳಲ್ಲಿ ಏನು ಮಾಡುತ್ತೀರಿ ಎಂದರೆ ಹೇಳುವುದಿಲ್ಲ. ಆಸೆ ಏನು ಎಂದು ಕೇಳಿದರೆ ಮಾತ್ರ ಥಟ್ಟನೆ ಉತ್ತರ ಬರುತ್ತದೆ. "ಇವರ ಮೊಣಕಾಲು ಇನ್ನೊಂದು ಹತ್ತು ವರ್ಷ ಆಡಿದ್ರೆ ಸಾಕು. ಉಳಿದಿದ್ದು ನಾನು ನೋಡ್ಕೋತೀನಿ."

ಪ್ರದರ್ಶನದ ಕೊನೆಯ ಭಾನುವಾರ ನಾನೂ ಸಭಾಂಗಣಕ್ಕೆ ಹೋಗಿದ್ದೆ. ಕಾಲಿಡಲು ಜಾಗವಿರಲಿಲ್ಲ. ಗಂಡ ಹೆಂಡತಿ ಒಂದು ಮೂಲೆಯ ಬೆಂಚಿನಲ್ಲಿ, ಯಾರದೋ ಮದುವೆಗೆ ಬಂದ ದೂರದ ನೆಂಟರ ಹಾಗೆ ಕೂತಿದ್ದರು. ಕೋಲೂರಿಕೊಂಡ ಅಜ್ಜಿಯೊಬ್ಬರು ಬೆನ್ನಿನ ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದರು. ಆಮೇಲೆ ಸುತ್ತ ನೋಡಿ, ಇವರು ಯಾರೆಂದು ತಿಳಿಯದೆ, ಹತ್ತಿರದಲ್ಲಿ ಕೂತವರೆಂದು ಇವರನ್ನೇ ಕೇಳಿದರು.

"ಏನಮ್ಮಾ, ಇದು ನಿಜವಾಗ್ಲೂ ಕೈಯಲ್ಲಿ ಮಾಡಿದ್ದಾ? ಸುಳ್ಳು ಹೇಳ್ತಿದ್ದಾರಾ?"

ಹಾಳಾದ ಹಾಳೆ ಎಂಬ ಉತ್ತರ ಈಗ ಬರುತ್ತದೆ ಎಂದು ನಾನು ಕಾದೆ. ದರ್ಜಿಯವರ ಕಾಲು ಬೆಂಚಿನ ಕೆಳಗೆ ಅಲ್ಲಾಡುವುದನ್ನು ನಿಲ್ಲಿಸಿತು. ಇವರು ಎದ್ದು ನಿಂತರು, ಸೆರಗಿನಲ್ಲಿ ಮುಚ್ಚಿಕೊಂಡಿದ್ದ ಎರಡೂ ಕೈಗಳನ್ನು ಹೊರತೆಗೆದು, ಕಂದು ಉಗುರುಗಳು ಕಾಣುವ ಹಾಗೆ ಅಜ್ಜಿಯ ಮುಂದೆ ಹಿಡಿದರು.

"ನಿಜ ಅಜ್ಜಿ," ಎಂದರು. "ನಾನೇ ಮಾಡಿದ್ದು."